ಕುಲದ ಕಟ್ಟಲೆ, ಠಾಣೆಯ ಕಾನೂನು, ಆದಿವಾಸಿ ಹೆಣ್ಣು

ಆದಿವಾಸಿಗಳ ಮಾತು ಬಂದಾಗಲೆಲ್ಲ ನಮ್ಮ ಹಾಸ್ಟೆಲುಗಳಲ್ಲಿ ಎರಡು ಗುಂಪು ಹುಟ್ಟಿಕೊಳ್ಳುತ್ತವೆ. ಒಂದು ಗುಂಪಿನವರು ಹೇಳ್ತಾರೆ: "ಅವರಲ್ಲಿ ವರದಕ್ಷಿಣೆ ಇಲ್ಲ, ವಿಧವೆಯ ತಲೆ ಬೋಳಿಸೋದಿಲ್ಲ, ಗಂಡು ಹೆಣ್ಣು ಕೈ ಕೈ ಹಿಡಿದು ಕುಣೀತಾರೆ. ಮನುವಿನ ಕಾನೂನಿಗಿಂತ ಅವರ ಕಟ್ಟಲೆ ಸಾವಿರ ಪಾಲು ಮೇಲು. ಅದನ್ನ ಯಾರೂ ಮುಟ್ಟಬಾರದು." ಇನ್ನೊಂದು ಗುಂಪಿನವರು ಹೇಳ್ತಾರೆ: "ಕುಲ ಪಂಚಾಯ್ತಿ ಅನ್ನೋದೇ ಪಾಳೇಗಾರಿಕೆ. ಅದನ್ನ ಬೇರು ಸಮೇತ ಕಿತ್ತು ಹಾಕಿ. ಠಾಣೆ, ಕೋರ್ಟು ಕಾಡಿನೊಳಕ್ಕೆ ಹೋಗಲಿ." ಊಟದ ಗಂಟೆ ಹೊಡೆಯೋವರೆಗೂ ವಾದ ನಡೆಯುತ್ತೆ. ಎರಡು ಗುಂಪಿನಲ್ಲೂ ಇರೋದು ಗಂಡು ಹುಡುಗರೇ. ಯಾವ ಹೆಣ್ಣಿನ ಹೆಸರಲ್ಲಿ ಈ ವಾದ ನಡೆಯುತ್ತಿದೆಯೋ ಆಕೆಗೆ ಠಾಣೆಯಲ್ಲಿ ಏನಾಯಿತು, ಕುಲ ಪಂಚಾಯ್ತಿಯಲ್ಲಿ ಏನಾಯಿತು ಅಂತ ನೋಡಿದವರು ಕಡಿಮೆ. ಈ ಎರಡು ಗುಂಪಿಗೂ ಹಿಡಿಸದ ಕೆಲವು ಮಾತು ನಾವು ಇಲ್ಲಿ ಆಡಬೇಕಾಗಿದೆ.

ಮೊದಲು ನಮ್ಮದನ್ನೇ ನೋಡಿಕೊಳ್ಳೋಣ. ಪದ್ಧತಿ ಅಂದರೆ ಏನು ಅಂತ ದಲಿತರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಊರ ಬಾವಿ ಮುಟ್ಟಬಾರದು ಅನ್ನೋದು ಪದ್ಧತಿ. ಹೋಟೆಲಿನ ಹಿಂದೆ ನಮಗಾಗಿ ಇಟ್ಟ ಬೇರೆ ಲೋಟ ಪದ್ಧತಿ. ಸತ್ತ ದನ ಹೊರೋದು ಪದ್ಧತಿ. ನಮ್ಮ ಕೇರಿಯ ಹೆಣ್ಣುಮಗುವಿಗೆ ಮುತ್ತು ಕಟ್ಟಿ ದೇವರ ಹೆಸರಲ್ಲಿ ಊರ ಗೌಡನ ಪಾಲು ಮಾಡೋದೂ ಪದ್ಧತಿಯೇ ಆಗಿತ್ತು. 1982ರಲ್ಲಿ ಕರ್ನಾಟಕ ಸರ್ಕಾರ ದೇವದಾಸಿ ಬಿಡುವುದನ್ನು ನಿಷೇಧಿಸುವ ಕಾಯ್ದೆ ಮಾಡಿತು. ದಕ್ಷಿಣ ಕನ್ನಡದ ಕೊರಗರಿಗೆ ಎಂಜಲು, ಕೂದಲು, ಉಗುರು ತಿನ್ನಿಸುವ ಅಜಲು ಅನ್ನೋದೂ ಪದ್ಧತಿ. ಅದನ್ನು ನಿಷೇಧಿಸಲು 2000ನೇ ಇಸವಿಯವರೆಗೆ ಕಾಯಬೇಕಾಯಿತು. ಹೀಗಾಗಿ ಪದ್ಧತಿ ಅನ್ನೋ ಪದ ಕಿವಿಗೆ ಬಿದ್ದರೆ ಸಾಕು, ನಮ್ಮ ಕೈ ಅದನ್ನು ಮುರಿಯಲು ಏಳುತ್ತದೆ. ಅದು ನ್ಯಾಯವೇ.

ಆದರೆ ಆದಿವಾಸಿಯ ಕತೆ ಬೇರೆ. ನಮ್ಮ ಕೊರಳಿಗೆ ಬಿದ್ದ ಪದ್ಧತಿಯ ಹಗ್ಗ ಇನ್ನೊಬ್ಬರು ಹೊಸೆದದ್ದು. ಅವರ ಕಟ್ಟಲೆಯ ಹಗ್ಗ ಅವರೇ ಹೊಸೆದದ್ದು. ಬ್ರಿಟಿಷರು 1865ರಲ್ಲಿ, ಮತ್ತೆ 1878ರಲ್ಲಿ ಅರಣ್ಯ ಕಾಯ್ದೆ ತಂದು ಅವರನ್ನು ಅವರ ಕಾಡಿನಲ್ಲೇ ಕಳ್ಳರನ್ನಾಗಿ ಮಾಡಿದರು. ಸಾಹುಕಾರ, ಕಂತ್ರಾಟುದಾರ, ಗಾರ್ಡು ಒಬ್ಬೊಬ್ಬರಾಗಿ ಒಳಗೆ ಬಂದರು. ಭೂಮಿ ಹೋಯಿತು, ಮರ ಹೋಯಿತು. ಉಳಿದಿದ್ದು ಕಟ್ಟಲೆ. ಇದು ನಮ್ಮ ಜಾಗ, ಇವರು ನಮ್ಮ ಜನ ಅಂತ ಹೇಳಿಕೊಳ್ಳೋದಕ್ಕೆ ಅವರ ಹತ್ತಿರ ಇದ್ದ ಒಂದೇ ದಾಖಲೆ ಅದು. ಅದೇ ಹಗ್ಗ ಹಿಡಿದು ಅವರು ಬೆಟ್ಟ ಹತ್ತಿದ್ದಾರೆ. ಅದೇ ಹಗ್ಗದಿಂದ ಹೆಣ್ಣನ್ನು ಮರಕ್ಕೂ ಕಟ್ಟಿದ್ದಾರೆ. ಎರಡನ್ನೂ ಹೇಳದೆ ಒಂದನ್ನೇ ಹೇಳುವವರನ್ನು ನಾವು ನಂಬುವುದಿಲ್ಲ.

ಠಾಣೆ ಬರಲಿ ಅನ್ನುವ ಗೆಳೆಯರಿಗೆ ಮೊದಲು ಠಾಣೆಯ ಕತೆ.

1972ರ ಮಾರ್ಚ್ 26. ಮಹಾರಾಷ್ಟ್ರದ ಆಗಿನ ಚಂದ್ರಾಪುರ ಜಿಲ್ಲೆಯ ದೇಸಾಯಿಗಂಜ್ ಪೊಲೀಸ್ ಠಾಣೆ. ಹದಿನಾಲ್ಕರಿಂದ ಹದಿನಾರು ವರ್ಷದೊಳಗಿನ ಒಬ್ಬ ಆದಿವಾಸಿ ಹುಡುಗಿ. ಅಪ್ಪ ಅಮ್ಮ ಇಲ್ಲ, ಅಣ್ಣನ ಜೊತೆ ವಾಸ, ಕೂಲಿ ಕೆಲಸ. ಕೆಲಸಕ್ಕೆ ಹೋಗುತ್ತಿದ್ದ ಮನೆಯವರ ನೆಂಟ ಒಬ್ಬ ಹುಡುಗನನ್ನು ಮೆಚ್ಚಿದ್ದಳು. ಅಪಹರಣ ಅಂತ ಅಣ್ಣ ದೂರು ಕೊಟ್ಟ. ರಾತ್ರಿ ಎಲ್ಲರನ್ನೂ ಠಾಣೆಗೆ ಕರೆಸಿ ಹೇಳಿಕೆ ಬರೆಸಿಕೊಂಡರು. ಆಮೇಲೆ "ನೀವೆಲ್ಲ ಹೋಗಿ" ಅಂದರು, ಹುಡುಗಿಯನ್ನು ಮಾತ್ರ ಉಳಿಸಿಕೊಂಡರು. ದೀಪ ಆರಿತು, ಬಾಗಿಲು ಹಾಕಿತು. ಹೊರಗೆ ಅವಳ ಮನೆಯವರು ನಿಂತಿದ್ದರು. ಆಕೆ ಹೊರಗೆ ಬಂದು ಆದದ್ದನ್ನು ಹೇಳಿದಳು.

1974ರಲ್ಲಿ ಸೆಷನ್ಸ್ ಕೋರ್ಟು ಇಬ್ಬರು ಪೊಲೀಸರನ್ನೂ ಬಿಟ್ಟಿತು. ಹುಡುಗಿ ಸಂಭೋಗಕ್ಕೆ ಒಗ್ಗಿದವಳು, ಸುಳ್ಳುಗಾತಿ ಅಂತ ಬರೆಯಿತು. 1976ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ ತೀರ್ಪು ತಿರುಗಿಸಿತು. ಭಯದಿಂದ ಸುಮ್ಮನಾಗುವುದು ಬೇರೆ, ಒಪ್ಪುವುದು ಬೇರೆ ಎಂದು ಹೇಳಿ ಒಬ್ಬನಿಗೆ ಐದು ವರ್ಷ, ಇನ್ನೊಬ್ಬನಿಗೆ ಒಂದು ವರ್ಷ ಶಿಕ್ಷೆ ಕೊಟ್ಟಿತು. 1978ರ ಸೆಪ್ಟೆಂಬರ್ 15ರಂದು ಸುಪ್ರೀಂ ಕೋರ್ಟು ಇಬ್ಬರನ್ನೂ ಮತ್ತೆ ಬಿಟ್ಟಿತು. ಮೈಮೇಲೆ ಗಾಯ ಇಲ್ಲ, ಕೂಗಲಿಲ್ಲ, ಆದ್ದರಿಂದ ಬಲಾತ್ಕಾರ ಅಲ್ಲ. ಪೊಲೀಸ್ ಠಾಣೆಯೊಳಗೆ, ರಾತ್ರಿ ಹತ್ತೂವರೆಯ ಮೇಲೆ, ಇಬ್ಬರು ಪೊಲೀಸರ ಎದುರು ಒಬ್ಬ ಕೂಲಿ ಹುಡುಗಿ ಯಾರನ್ನು ಕೂಗಬೇಕಿತ್ತು? ಪೊಲೀಸರನ್ನೇ?

1979ರಲ್ಲಿ ಉಪೇಂದ್ರ ಬಕ್ಷಿ, ವಸುಧಾ ಧಾಗಮ್ವಾರ್, ರಘುನಾಥ ಕೇಳ್ಕರ್, ಲತಿಕಾ ಸರ್ಕಾರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದು ಇದೇ ಪ್ರಶ್ನೆ ಎತ್ತಿದರು. ಬಡವರಿಗೆ ಠಾಣೆ ಎಂದರೆ ಎಂಥ ಭಯ ಅನ್ನೋದು ಕೋರ್ಟಿಗೆ ಗೊತ್ತಿಲ್ಲವೇ ಎಂದು ಕೇಳಿದರು. ಊರೂರಿನಲ್ಲಿ ಹೆಂಗಸರು ಬೀದಿಗಿಳಿದರು. 1983ರಲ್ಲಿ ಕಾನೂನು ಬದಲಾಯಿತು: ಪೊಲೀಸರ ವಶದಲ್ಲಿದ್ದಾಗ ಸಂಭೋಗ ನಡೆದದ್ದು ಸಾಬೀತಾಗಿ, ತಾನು ಒಪ್ಪಿರಲಿಲ್ಲ ಎಂದು ಹೆಣ್ಣು ಹೇಳಿದರೆ, ಒಪ್ಪಿರಲಿಲ್ಲ ಎಂದೇ ಕೋರ್ಟು ಭಾವಿಸಬೇಕು. ಈ ದೇಶದ ಅತ್ಯಾಚಾರದ ಕಾನೂನು ತಿದ್ದಿದ್ದು ಒಬ್ಬ ಆದಿವಾಸಿ ಕೂಲಿ ಹುಡುಗಿಯ ಕೇಸು. ತಿದ್ದಿದ ಕಾನೂನಿನಿಂದ ಆಕೆಗೆ ಮಾತ್ರ ಏನೂ ಸಿಗಲಿಲ್ಲ. ಇನ್ನೊಂದು ವಿಷಯ ಗಮನಿಸಿ: ಕಾನೂನು ಪುಸ್ತಕದಲ್ಲಿ ಆ ಕೇಸು ಆರೋಪಿಯ ಹೆಸರಿನಲ್ಲಿದೆ, ಜನರ ಬಾಯಲ್ಲಿ ಹುಡುಗಿಯ ಹೆಸರಿನಲ್ಲಿದೆ. ಅದಕ್ಕೇ ನಾವು ಇಲ್ಲಿ ಆಕೆಯ ಹೆಸರು ಬರೆದಿಲ್ಲ.

ಅದು ಹಳೇ ಕಾಲ ಅನ್ನುತ್ತೀರಾ? ನಮ್ಮ ಗಡಿಯಾಚೆಗಿನ ಧರ್ಮಪುರಿ ಜಿಲ್ಲೆಗೆ ಬನ್ನಿ. ಸಿತ್ತೇರಿ ಬೆಟ್ಟದ ಬುಡದ ವಾಚಾತಿ. ಮಲೆಯಾಳಿ ಎಂಬ ಬುಡಕಟ್ಟಿನ ಊರು. 1992ರ ಜೂನ್ 20ರಂದು ಶ್ರೀಗಂಧ ಹುಡುಕುವ ನೆಪದಲ್ಲಿ ಅರಣ್ಯ, ಪೊಲೀಸ್, ಕಂದಾಯ ಮೂರು ಇಲಾಖೆಯವರೂ ಊರಿಗೆ ನುಗ್ಗಿದರು. ಮನೆ ಒಡೆದರು, ಕಾಳು ಚೆಲ್ಲಿದರು, ದನ ಕುರಿ ಬಿಡಲಿಲ್ಲ. 18 ಹೆಂಗಸರ ಮೇಲೆ ಅತ್ಯಾಚಾರ ಮಾಡಿದರು. ಊರಿನ ಹಿರಿಯ, ಅವರ ಮಾತಿನಲ್ಲಿ ಊರ್ ಗೌಂಡರ್. ಆತನನ್ನು ಪೊರಕೆಯಿಂದ ಹೊಡೆಯುವಂತೆ ಅದೇ ಊರ ಹೆಂಗಸರನ್ನು ಬಲವಂತ ಮಾಡಿದರು ಎಂದು ಊರವರು ಹೇಳಿದ್ದಾರೆ. ಇದನ್ನು ಯೋಚಿಸಿ ಗೆಳೆಯರೇ. ಸರ್ಕಾರದ ಕಾನೂನು ಕುಲದ ಕಟ್ಟಲೆಯನ್ನು ಭೇಟಿ ಮಾಡಿದ ರೀತಿ ಇದು. ಹೆಂಗಸನ್ನು ಕಾಪಾಡಲು ಯಜಮಾನನ ಅಧಿಕಾರ ಮುರಿಯಲಿಲ್ಲ. ಯಜಮಾನನನ್ನು ಮುರಿಯಲು ಹೆಂಗಸನ್ನು ಬಳಸಿದರು.

ಆ ಕೇಸಿನಲ್ಲಿ 269 ಮಂದಿ ಸರ್ಕಾರಿ ನೌಕರರು ಆರೋಪಿಗಳು. ತೀರ್ಪು ಬರುವ ಹೊತ್ತಿಗೆ 54 ಮಂದಿ ಸತ್ತಿದ್ದರು. ಉಳಿದ 215 ಮಂದಿಗೂ 2011ರ ಸೆಪ್ಟೆಂಬರಿನಲ್ಲಿ ಧರ್ಮಪುರಿ ಕೋರ್ಟಿನಲ್ಲಿ ಶಿಕ್ಷೆಯಾಯಿತು. ಅದರಲ್ಲಿ 17 ಮಂದಿಗೆ ಅತ್ಯಾಚಾರಕ್ಕೆ. 2023ರಲ್ಲಿ ಮದ್ರಾಸ್ ಹೈಕೋರ್ಟು ಅದನ್ನು ಎತ್ತಿ ಹಿಡಿದು, ಒಬ್ಬೊಬ್ಬ ಹೆಂಗಸಿಗೆ 10 ಲಕ್ಷ ಕೊಡಿ, ಅರ್ಧ ಹಣವನ್ನು ಅಪರಾಧಿಗಳಿಂದ ವಸೂಲಿ ಮಾಡಿ ಎಂದಿತು. ದೊಡ್ಡ ಕಳ್ಳಸಾಗಣೆದಾರರನ್ನು ಉಳಿಸಲು ಇಡೀ ನಾಟಕ ನಡೆಯಿತು ಎಂದೂ ಹೇಳಿತು. 31 ವರ್ಷ! ಅದೂ ಬುಡಕಟ್ಟು ಸಂಘಟನೆ, ಎಡಪಕ್ಷದ ಕಾರ್ಯಕರ್ತರು ಬಿಡದೆ ಹಿಂದೆ ಬಿದ್ದದ್ದಕ್ಕೆ. ನಮ್ಮ ಮಲೆ ಮಹದೇಶ್ವರ ಬೆಟ್ಟದ ಸೀಮೆಯಲ್ಲೂ ವೀರಪ್ಪನ್ ಹುಡುಕಾಟದ ಹೆಸರಲ್ಲಿ ಕಾಡಂಚಿನ ಜನ ಅನುಭವಿಸಿದ್ದು ಕಡಿಮೆಯಲ್ಲ. ಅದಕ್ಕಾಗಿ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಸದಾಶಿವ ಸಮಿತಿಯನ್ನು ನೇಮಿಸಬೇಕಾಯಿತು. 2017ರ ಜನವರಿಯಲ್ಲಿ ಅದೇ ಆಯೋಗ ಛತ್ತೀಸ್‌ಗಢದ ಬಸ್ತಾರ್ ಕಡೆಯ 16 ಹೆಂಗಸರು ಪೊಲೀಸರಿಂದಲೇ ಅತ್ಯಾಚಾರ, ಹಲ್ಲೆಗೆ ಒಳಗಾದದ್ದು ಮೇಲ್ನೋಟಕ್ಕೆ ಕಾಣುತ್ತದೆ ಎಂದಿತು. ಠಾಣೆ ಕಾಡಿನೊಳಕ್ಕೆ ಹೋಗಲಿ ಅನ್ನುವವರು ಠಾಣೆ ಈಗಾಗಲೇ ಹೋಗಿದೆ ಅನ್ನೋದನ್ನು ಮರೆಯಬೇಡಿ.

ಇನ್ನು ಕಟ್ಟಲೆ ಮುಟ್ಟಬೇಡಿ ಅನ್ನುವ ಗೆಳೆಯರ ಸರದಿ.

2014ರ ಜನವರಿ. ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಸುಬಲ್‌ಪುರ, ಸಂತಾಲರ ಹಳ್ಳಿ. ಇಪ್ಪತ್ತು ವರ್ಷದ ಸಂತಾಲ ಹೆಣ್ಣುಮಗಳು. ಬೇರೆ ಊರಿನ, ಬುಡಕಟ್ಟಿನ ಹೊರಗಿನ ಗಂಡಸೊಬ್ಬನನ್ನು ಮೆಚ್ಚಿದಳು ಎಂಬುದೇ ತಪ್ಪು. ಇಬ್ಬರನ್ನೂ ಹಿಡಿದು ಕಟ್ಟಿ ಹಾಕಿದರು. ಊರ ಹಿರಿಯರ ಸಭೆ ಸೇರಿತು. ದಂಡ ಹಾಕಿತು. ದಂಡ ಕೊಡುವುದಾಗಿ ಒಪ್ಪಿದ ಗಂಡಸು ಬಿಡುಗಡೆಯಾದ ಎಂದು ಆಗಿನ ಪತ್ರಿಕೆಗಳು ಬರೆದವು. ಹೆಣ್ಣಿನ ಮನೆಯವರ ಹತ್ತಿರ ಹಣ ಇರಲಿಲ್ಲ. ಆ ರಾತ್ರಿ ಅವಳದೇ ಊರಿನ ಗಂಡಸರು ಆಕೆಯ ಮೇಲೆ ಸಾಮೂಹಿಕ ಅತ್ಯಾಚಾರ ಮಾಡಿದರು. ಅಣ್ಣ ಮಾವ ಅಂತ ಕರೆಯುತ್ತಿದ್ದವರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಬೋಲ್‌ಪುರದ ಕೋರ್ಟು 13 ಮಂದಿಗೆ ಇಪ್ಪತ್ತಿಪ್ಪತ್ತು ವರ್ಷ ಶಿಕ್ಷೆ ಕೊಟ್ಟಿತು. ಅವರಲ್ಲಿ ಊರ ಮುಖ್ಯಸ್ಥನೂ ಒಬ್ಬ. ಸುಪ್ರೀಂ ಕೋರ್ಟು ಪತ್ರಿಕೆ ಸುದ್ದಿ ನೋಡಿ ತಾನಾಗಿಯೇ ಕೇಸು ಎತ್ತಿಕೊಂಡು, ಆಕೆಯನ್ನು ಕಾಪಾಡಲು ಸರ್ಕಾರಕ್ಕೆ ಆಗಲಿಲ್ಲ ಎಂದು ಹೇಳಿ 5 ಲಕ್ಷ ಪರಿಹಾರ ಕೊಡಿಸಿತು.

ಇದು ಕಟ್ಟಲೆಯಲ್ಲ, ಕೆಲವು ಪುಂಡರ ಕೆಲಸ ಎಂದು ಆಗ ಹಲವರು ವಾದಿಸಿದರು. ಸಂತಾಲರ ಯಾವ ಕಟ್ಟಲೆಯಲ್ಲೂ ಅತ್ಯಾಚಾರ ಶಿಕ್ಷೆಯಾಗಿ ಇಲ್ಲ, ಅದು ನಿಜ. ಹಾಗೆ ಬರೆದು ಇಡೀ ಸಂತಾಲ ಜನಾಂಗಕ್ಕೆ ಮಸಿ ಬಳಿದ ಪೇಟೆಯ ಪತ್ರಕರ್ತರಿಗೆ ನಾಚಿಕೆಯಾಗಬೇಕು. ಸುಬಲ್‌ಪುರಕ್ಕೆ ಓಡಿದ ಕ್ಯಾಮರಾಗಳು ವಾಚಾತಿಗೆ ಯಾಕೆ ಓಡಲಿಲ್ಲ? ಆದರೆ ಗೆಳೆಯರೇ, ಪುಂಡರಿಗೆ ಆ ಹೆಣ್ಣು ಸಿಕ್ಕಿದ್ದು ಹೇಗೆ? ಸಭೆ ಸೇರಿತ್ತು, ಕಟ್ಟಿ ಹಾಕಿತ್ತು, ತಪ್ಪಿತಸ್ಥೆ ಎಂದಿತ್ತು. ಆಕೆ ಯಾರ ಹೊಣೆಯೂ ಅಲ್ಲ ಅಂತ ಊರೆದುರು ಸಾರಿದ ಮೇಲೆ ಪುಂಡರಿಗೆ ಇನ್ನೇನು ಬೇಕಿತ್ತು?

ಸಂತಾಲರ ಕಟ್ಟಲೆಯನ್ನು ಸ್ವಲ್ಪ ಬಿಡಿಸಿ ನೋಡೋಣ. ಊರಿಗೊಬ್ಬ ಮಾಂಝಿ, ಅಂದರೆ ಯಜಮಾನ. ಅವನ ಕೈಕೆಳಗೆ ಪರಾಣಿಕ್, ಗೋಡೆತ್. ಯುವಕ ಯುವತಿಯರ ನಡತೆ ನೋಡಿಕೊಳ್ಳಲು ಜೋಗ್ ಮಾಂಝಿ ಅಂತಲೇ ಒಬ್ಬ. ಹಲವು ಊರುಗಳ ಮೇಲೆ ಪರಗಣೈತ್. ಇದರಲ್ಲಿ ಒಳ್ಳೆಯದೂ ಇದೆ. ಮದುವೆಯಾಗದ ಹುಡುಗಿ ಬಸುರಾದರೆ ಅವಳನ್ನು ಬಾವಿಗೆ ನೂಕುವ ನಮ್ಮ ನಾಗರಿಕ ಸಮಾಜದ ಹಾಗಲ್ಲ. ಕಾರಣನಾದ ಗಂಡಸನ್ನು ಹುಡುಕಿಸಿ ಹೊಣೆ ಹೊರಿಸೋದು ಪಂಚಾಯ್ತಿಯ ಕೆಲಸ. ಮಗುವಿಗೆ ಒಂದು ಕುಲ ಸಿಗಬೇಕು ಅನ್ನೋದು ಇಡೀ ಊರಿನ ಚಿಂತೆ.

ಆದರೆ ಘೋರ ಅಪರಾಧ ಯಾವುದು? ಅದಕ್ಕೆ ಬಿಟ್ಲಾಹಾ ಎಂಬ ಶಿಕ್ಷೆ ಇತ್ತು. ಸುತ್ತಲ ಊರುಗಳ ಗಂಡಸರು ಡೋಲು ಬಾರಿಸುತ್ತಾ ಗುಂಪಾಗಿ ಹೋಗಿ ತಪ್ಪಿತಸ್ಥನ ಮನೆ ಹೊಲಸು ಮಾಡಿ ಹಾಳುಗೆಡವಿ ಕುಲದಿಂದ ಹೊರಗೆ ಹಾಕುವುದು. ಬ್ರಿಟಿಷ್ ಅಧಿಕಾರಿ ಆರ್ಚರ್ ಸಂತಾಲರ ಕಾನೂನಿನ ಬಗ್ಗೆ ಬರೆದ ದೊಡ್ಡ ವರದಿಯಲ್ಲಿ ಇದು ವಿವರವಾಗಿದೆ. ಬಿಟ್ಲಾಹಾ ಮುಖ್ಯವಾಗಿ ಎರಡಕ್ಕೆ: ಒಂದೇ ಕುಲದೊಳಗೆ ಕೂಡಿದರೆ, ಇಲ್ಲವೇ ದಿಕ್ಕು, ಅಂದರೆ ಹೊರಗಿನವನ ಜೊತೆ ಕೂಡಿದರೆ. ಗೆರೆ ದಾಟಿದ್ದೇ ಅಲ್ಲಿ ಮಹಾಪರಾಧ. ಹೆಣ್ಣು ಒಪ್ಪಿದ್ದಳೋ ಇಲ್ಲವೋ ಅನ್ನೋದು ಆಮೇಲಿನ ಮಾತು. ಈ ತೀರ್ಪು ಹೇಳುವ ಸಭೆಯಲ್ಲಿ ಹೆಣ್ಣಿಗೆ ಜಾಗವಿಲ್ಲ. ನೇಗಿಲು ಮುಟ್ಟುವ ಹಾಗಿಲ್ಲ, ಬಿಲ್ಲು ಹಿಡಿಯುವ ಹಾಗಿಲ್ಲ, ಸಭೆಯಲ್ಲಿ ಕೂರುವ ಹಾಗಿಲ್ಲ.

ಈಗ ನಮ್ಮ ಮುಖ್ಯ ಮಾತು. ಹಿಂದೆ ಕಟ್ಟಲೆಯ ಕೈ ಎರಡು ಕಡೆಗೂ ಚಾಚುತ್ತಿತ್ತು. ಒಳಗಿನವರನ್ನೂ ಹಿಡಿಯುತ್ತಿತ್ತು, ಹೊರಗಿನಿಂದ ಬಂದು ಹೆಣ್ಣಿಗೆ ಕೈ ಹಾಕಿದವನನ್ನೂ ಹಿಡಿಯುತ್ತಿತ್ತು. ಹೊರಗೆ ಚಾಚುವ ಕೈಯನ್ನು ಸರ್ಕಾರ ಕತ್ತರಿಸಿತು. ಇವತ್ತು ಗಣಿ ಮಾಲೀಕನನ್ನು, ಲಾರಿ ಡ್ರೈವರನ್ನು, ಗಾರ್ಡನ್ನು, ಪೊಲೀಸನ್ನು ಯಾವ ಮಾಂಝಿ ಕರೆಸಿ ಕೇಳಬಲ್ಲ? ಕೇಳಿದರೆ ಮಾಂಝಿಯೇ ಜೈಲಿಗೆ. ಉಳಿದಿದ್ದು ಒಳಗಿನ ಕೈ ಒಂದೇ. ಅದಕ್ಕೆ ಸಿಕ್ಕುವುದು ಊರ ಹೆಣ್ಣು ಮಾತ್ರ. ಕುಲದ ಗೌರವ ಕಾಯುತ್ತೇವೆ ಅನ್ನುವ ಗಂಡಸರು ಹೊರಗಿನವನ ಕಾಲರ್ ಹಿಡಿಯಲಾಗದೆ ಒಳಗಿನ ಹೆಣ್ಣಿನ ಜಡೆ ಹಿಡಿಯುತ್ತಾರೆ. ಸುಬಲ್‌ಪುರದಲ್ಲಿ ಆದದ್ದೂ ಅದೇ: ಹೊರಗಿನ ಗಂಡಸಿಗೆ ದಂಡ, ಒಳಗಿನ ಹೆಣ್ಣಿಗೆ ಮರಣಕ್ಕಿಂತ ಹೀನವಾದದ್ದು.

ಇದು ನಮ್ಮ ದೇಶದ ಕತೆ ಮಾತ್ರ ಅಲ್ಲ. ಅಮೆರಿಕದ ಮೂಲನಿವಾಸಿಗಳನ್ನು ನೋಡಿ, ಶಾಲೆ ಪುಸ್ತಕದಲ್ಲಿ ನಾವು ರೆಡ್ ಇಂಡಿಯನ್ನರು ಅಂತ ಓದಿದವರು. ದೇಸಾಯಿಗಂಜಿನ ತೀರ್ಪು ಬಂದ ಅದೇ 1978ರಲ್ಲಿ, ಮಾರ್ಚ್ ತಿಂಗಳಲ್ಲಿ, ಅಲ್ಲಿನ ಸುಪ್ರೀಂ ಕೋರ್ಟು ಸುಕ್ವಾಮಿಶ್ ಬುಡಕಟ್ಟಿನ ಒಂದು ಕೇಸಿನಲ್ಲಿ ಹೇಳಿತು: ಬುಡಕಟ್ಟಿನ ಕೋರ್ಟು ಹೊರಗಿನವರನ್ನು ಅಪರಾಧಕ್ಕಾಗಿ ವಿಚಾರಣೆ ಮಾಡುವ ಹಾಗಿಲ್ಲ. ಕೇಸು ಅತ್ಯಾಚಾರದ್ದಲ್ಲ, ಹೊಡೆದಾಟದ್ದು. ಏಟು ಬಿದ್ದದ್ದು ಹೆಂಗಸರಿಗೆ. ಬಿಳಿಯನೊಬ್ಬ ಬುಡಕಟ್ಟಿನ ನೆಲಕ್ಕೆ ಬಂದು ಹೆಣ್ಣನ್ನು ಕೆಡವಿದರೂ ಆ ಬುಡಕಟ್ಟಿನ ನ್ಯಾಯಾಧೀಶ ಅವನನ್ನು ಮುಟ್ಟುವಂತಿಲ್ಲ. ದೂರದ ಊರಿನ ಸರ್ಕಾರಿ ವಕೀಲ ಮನಸ್ಸು ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಅಲ್ಲಿನ ಮೂಲನಿವಾಸಿ ಹೆಂಗಸರು ವರ್ಷಗಟ್ಟಲೆ ಹೋರಾಡಿದ ಮೇಲೆ 2013ರಲ್ಲಿ ಮನೆಯೊಳಗಿನ ಹಿಂಸೆಯ ಕೇಸುಗಳಲ್ಲಿ, 2022ರಲ್ಲಿ ಲೈಂಗಿಕ ಹಿಂಸೆಯ ಕೇಸುಗಳಲ್ಲೂ ಆ ಅಧಿಕಾರ ಒಂದಿಷ್ಟು ಮರಳಿ ಬಂತು. ಆ ಹೆಂಗಸರು ತಮ್ಮ ಬುಡಕಟ್ಟಿನ ಕೋರ್ಟನ್ನು ಮುಚ್ಚಿ ಅಂತ ಕೇಳಲಿಲ್ಲ. ಹೊರಗಿನ ಗಂಡಸನ್ನು ಹಿಡಿಯುವ ಕೈ ಕೊಡಿ ಅಂತ ಕೇಳಿದರು.

ಒಂದು ಪದದ ವಿಚಾರ. ಕನ್ನಡದಲ್ಲಿ ಅತ್ಯಾಚಾರಕ್ಕೆ ಮಾನಭಂಗ ಅಂತಾರೆ, ಶೀಲ ಹೋಯ್ತು ಅಂತಾರೆ, ಹುಡುಗೀನ ಕೆಡಿಸಿದ ಅಂತಾರೆ. ಕೆಟ್ಟವನು ಅವನು, ಕೆಟ್ಟುಹೋದವಳು ಇವಳು! ಮಾನ ಯಾರದ್ದು? ಅಪ್ಪನದು, ಗಂಡನದು, ಕುಲದ್ದು. ಆದ್ದರಿಂದ ತಪ್ಪುಕಾಣಿಕೆಯೂ ಅವರಿಗೇ ಸಲ್ಲುತ್ತದೆ. ಕೋಳಿ, ಕುರಿ, ಹೆಂಡ, ಒಂದಿಷ್ಟು ಹಣ. ಊರಿಗೆಲ್ಲ ಊಟ, ಮುಗೀತು ರಾಜಿ. ಇದು ಆದಿವಾಸಿಗಳ ಕಟ್ಟಲೆಯಲ್ಲಿ ಮಾತ್ರ ಅಲ್ಲ, ನಮ್ಮ ಕೇರಿಯ ಕಟ್ಟೆಯ ಮೇಲೂ ನಡೆಯುತ್ತದೆ. ಆ ಊಟದಲ್ಲಿ ಹುಡುಗಿಗೆ ಒಂದು ತುತ್ತೂ ಇಳಿಯುವುದಿಲ್ಲ. ಈ ಪತ್ರಿಕೆಗೆ ಬರೆಯುವ ಗೆಳೆಯರು ಇನ್ನು ಮುಂದೆ ಮಾನಭಂಗ ಅನ್ನೋ ಪದ ಬಳಸಬಾರದು.

ಕಾನೂನು ಓದುವ ಗೆಳೆಯರು ಗಮನಿಸಬೇಕಾದ ಕೆಲವು ವಿಷಯಗಳಿವೆ. ಸಂವಿಧಾನದ 13ನೇ ವಿಧಿಯಲ್ಲಿ ಕಾನೂನು ಅನ್ನೋ ಪದದೊಳಗೆ ರೂಢಿ, ಸಂಪ್ರದಾಯವನ್ನೂ ಸೇರಿಸಲಾಗಿದೆ. ಮೂಲಭೂತ ಹಕ್ಕಿಗೆ ವಿರುದ್ಧವಾದ ರೂಢಿ ನಿಲ್ಲುವುದಿಲ್ಲ. ಇದು ನಮಗಾಗಿ ಬರೆದ ಮಾತು ಅಂದುಕೊಂಡಿದ್ದೇವೆ. ಆದಿವಾಸಿ ಹೆಣ್ಣಿಗೂ ಅದು ಅಷ್ಟೇ ಸೇರಿದ್ದು. ಅತ್ಯಾಚಾರದಲ್ಲಿ ರಾಜಿ ಮಾಡಿಕೊಂಡೆವು ಅನ್ನೋದು ಶಿಕ್ಷೆ ಕಡಿಮೆ ಮಾಡಲು ಕಾರಣವಲ್ಲ ಎಂದು ಸುಪ್ರೀಂ ಕೋರ್ಟು 2013ರಲ್ಲಿ ಖಚಿತವಾಗಿ ಹೇಳಿದೆ. ಹುಡುಗಿ ಒಗ್ಗಿದವಳೋ ಎಂದು ನೋಡುವ ಎರಡು ಬೆರಳಿನ ಪರೀಕ್ಷೆ ಯಾರೂ ಮಾಡಕೂಡದು, ಮಾಡಿದರೆ ಅದು ದುರ್ನಡತೆ ಎಂದು 2022ರಲ್ಲಿ ಹೇಳಿದೆ. ದೇಸಾಯಿಗಂಜಿನಿಂದ ಅಲ್ಲಿಗೆ ಬರಲು ಐವತ್ತು ವರ್ಷ ಬೇಕಾಯಿತು.

ದೌರ್ಜನ್ಯ ತಡೆ ಕಾಯ್ದೆ, 1989, ನಮ್ಮ ಕೈಯ ದೊಡ್ಡ ಆಯುಧ. ಆದರೆ ಅದು ನಡೆಯೋದು ಅಪರಾಧಿ ಪರಿಶಿಷ್ಟ ಜಾತಿ, ಪಂಗಡದ ಹೊರಗಿನವನಾದರೆ ಮಾತ್ರ. ಸುಬಲ್‌ಪುರದಂಥ ಕಡೆ, ಅಪರಾಧಿಗಳೂ ಅದೇ ಬುಡಕಟ್ಟಿನವರಾದಾಗ, ಅದು ಕೆಲಸಕ್ಕೆ ಬರೋದಿಲ್ಲ. ಹೊರಗಿನವನಾದಾಗಲೂ ಹಿಂದೆ ಒಂದು ತೊಡಕಿತ್ತು: ಜಾತಿಯ ಕಾರಣಕ್ಕೇ ಅತ್ಯಾಚಾರ ಮಾಡಿದ ಅಂತ ಸಾಬೀತು ಮಾಡಿ ಅನ್ನೋರು. 2016ರ ಜನವರಿಯಿಂದ ಜಾರಿಗೆ ಬಂದ ತಿದ್ದುಪಡಿ ಆ ಹೊರೆಯನ್ನು ಇಳಿಸಿದೆ. ಆಕೆ ಪರಿಶಿಷ್ಟಳು ಎಂಬುದು ಅವನಿಗೆ ಗೊತ್ತಿದ್ದರೆ ಸಾಕು. 2021ರಲ್ಲಿ ಆಂಧ್ರದ ಒಬ್ಬ ಕುರುಡಿ ದಲಿತ ಹುಡುಗಿಯ ಕೇಸಿನಲ್ಲಿ ಸುಪ್ರೀಂ ಕೋರ್ಟು ಅವಳು ಹೆಣ್ಣು, ದಲಿತಳು, ಕುರುಡಿ ಮೂರೂ ಒಟ್ಟಿಗೇ ಆಗಿರುವಾಗ ಮೂರನ್ನೂ ಬಿಡಿಸಿ ನೋಡಬಾರದು ಅಂದಿತು. ಅಷ್ಟು ಹೇಳಿಯೂ, ಅಪರಾಧ ತಿದ್ದುಪಡಿಗೆ ಮೊದಲಿನದು ಎಂಬ ಕಾರಣಕ್ಕೆ ದೌರ್ಜನ್ಯ ಕಾಯ್ದೆಯ ಶಿಕ್ಷೆ ನಿಲ್ಲಲಿಲ್ಲ. ಅತ್ಯಾಚಾರದ ಜೀವಾವಧಿ ಶಿಕ್ಷೆ ಮಾತ್ರ ನಿಂತಿತು.

ಭೂಮಿಯ ಮಾತು ಇಲ್ಲಿ ಯಾಕೆ ಅಂತ ಕೇಳಬೇಡಿ. ಯಜಮಾನನ ಎದುರು ನಿಂತು ಇಲ್ಲ ಅನ್ನಬೇಕಾದರೆ ಕಾಲ ಕೆಳಗೆ ನೆಲ ಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆ ಪರಿಶಿಷ್ಟ ಪಂಗಡಕ್ಕೆ ತಾನಾಗಿ ಅನ್ವಯಿಸುವುದಿಲ್ಲ. ಬಿಹಾರದ ಹೋ ಬುಡಕಟ್ಟಿನ ಹೆಂಗಸರ ಹಕ್ಕಿಗಾಗಿ ಮಧು ಕಿಶ್ವರ್ ಮತ್ತಿತರರು ಹಾಕಿದ ಕೇಸಿನಲ್ಲಿ 1996ರಲ್ಲಿ ಸುಪ್ರೀಂ ಕೋರ್ಟು ಕಟ್ಟಲೆಯನ್ನು ರದ್ದು ಮಾಡಲು ಒಪ್ಪಲಿಲ್ಲ. ಹೊಟ್ಟೆಪಾಡಿಗಾಗಿ ಹೆಂಗಸರು ಆ ಭೂಮಿಯಲ್ಲಿ ಇರಬಹುದು ಅಂದಿತು. 2025ರ ಜುಲೈನಲ್ಲಿ ಒಂದು ಗೊಂಡ ಕುಟುಂಬದ ಕೇಸಿನಲ್ಲಿ ಮಾತು ಬದಲಾಯಿತು: ಹೆಣ್ಣಿಗೆ ಪಾಲಿಲ್ಲ ಅನ್ನುವ ರೂಢಿ ಇದೆ ಅಂತ ಯಾರೂ ಸಾಬೀತು ಮಾಡದಿದ್ದರೆ ಅವಳಿಗೂ ಸಮಪಾಲು. ಕಟ್ಟಲೆ ಅಂದರೆ ಗಂಡಸರ ಪರವೇ ಇರುತ್ತೆ ಅಂತ ಕೋರ್ಟು ಮೊದಲೇ ಊಹಿಸಿಕೊಳ್ಳೋದು ತಪ್ಪು ಅನ್ನೋದು ಇದರ ಅರ್ಥ. ಇದು ಚಿಕ್ಕ ವಿಷಯ ಅಲ್ಲ.

ಕಟ್ಟಲೆ ಬದಲಾಗೋದೇ ಇಲ್ಲ ಅನ್ನೋ ಮಾತೂ ಸುಳ್ಳು. ನಾಗಾಲ್ಯಾಂಡಿನಲ್ಲಿ ಸಂವಿಧಾನದ 371ಎ ವಿಧಿ ನಾಗಾ ಕಟ್ಟಲೆಗೆ ರಕ್ಷಣೆ ಕೊಟ್ಟಿದೆ. 2017ರಲ್ಲಿ ಪಟ್ಟಣ ಸಭೆಗಳಲ್ಲಿ ಹೆಂಗಸರಿಗೆ ಮೂರನೇ ಒಂದು ಪಾಲು ಸೀಟು ಕೊಡಲು ಹೊರಟಾಗ ಬುಡಕಟ್ಟು ಸಂಘಗಳ ಗಂಡಸರು ಇದು ನಮ್ಮ ಕಟ್ಟಲೆಗೆ ವಿರುದ್ಧ ಅಂತ ಬೀದಿಗೆ ಬಂದರು, ಕೊಹಿಮಾದಲ್ಲಿ ಸರ್ಕಾರಿ ಕಟ್ಟಡಗಳು ಸುಟ್ಟವು. ಪಟ್ಟಣ ಸಭೆ ಯಾವ ಪೂರ್ವಜರ ಕಟ್ಟಲೆ ಅಂತ ಯಾರೂ ಕೇಳಲಿಲ್ಲ! ನಾಗಾ ತಾಯಂದಿರ ಸಂಘದವರು ಪಟ್ಟು ಬಿಡಲಿಲ್ಲ. 2024ರ ಜೂನಿನಲ್ಲಿ ಅದೇ ಮೀಸಲಾತಿಯೊಂದಿಗೆ ಚುನಾವಣೆ ನಡೆಯಿತು. ಆಕಾಶ ಬಿದ್ದುಹೋಗಲಿಲ್ಲ.

ಹಾಗಾದರೆ ನಾವು ಏನು ಹೇಳ್ತೀವಿ? ಹೊರಗೆ ಚಾಚುವ ಕೈಗೆ ಬಲ ಕೊಡಿ. 1996ರ ಪೆಸಾ ಕಾಯ್ದೆ, 2006ರ ಅರಣ್ಯ ಹಕ್ಕು ಕಾಯ್ದೆ ಗ್ರಾಮಸಭೆಗೆ ಕೊಟ್ಟ ಅಧಿಕಾರ ಕಾಗದದಿಂದ ಕಾಡಿಗೆ ಇಳಿಯಲಿ. ಕರ್ನಾಟಕದಲ್ಲಿ ಐದನೇ ಅನುಸೂಚಿಯ ಪ್ರದೇಶ ಅಂತ ಒಂದೂ ಇಲ್ಲ, ಆದ್ದರಿಂದ ನಮ್ಮ ಸೋಲಿಗರಿಗೆ, ಜೇನುಕುರುಬರಿಗೆ ಪೆಸಾ ಇಲ್ಲ. ಅದನ್ನು ಕೇಳಬೇಕಾದವರಲ್ಲಿ ನಾವೂ ಇದ್ದೇವೆ. ಹಾಡಿಗೆ ನುಗ್ಗುವ ಗಾರ್ಡು, ಪೊಲೀಸು ಗ್ರಾಮಸಭೆಗೆ ಲೆಕ್ಕ ಕೊಡಲಿ. ಹೆಣ್ಣಿನ ಮೇಲಿನ ಅತ್ಯಾಚಾರ ಮಾತ್ರ ಯಾವ ಕಟ್ಟೆಯ ಮೇಲೂ ತೀರ್ಮಾನ ಆಗಕೂಡದು, ಕೋಳಿ ಕುರಿಗೆ ರಾಜಿ ಆಗಕೂಡದು, ಮೆಚ್ಚಿದವನ ಜೊತೆ ಹೋದವಳಿಗೆ ದಂಡ ಹಾಕುವ ಅಧಿಕಾರ ಯಾವ ಯಜಮಾನನಿಗೂ ಇರಕೂಡದು. ಸಭೆಯಲ್ಲಿ ಅರ್ಧ ಜನ ಹೆಂಗಸರು ಕೂರದ ಪಂಚಾಯ್ತಿಯನ್ನು ಆದಿವಾಸಿ ಸ್ವರಾಜ್ಯ ಅಂತ ನಾವು ಕರೆಯುವುದಿಲ್ಲ. ಇದನ್ನು ದಲಿತ ಗಂಡು ಹುಡುಗರು ಕಾಡಿಗೆ ಹೋಗಿ ಭಾಷಣ ಮಾಡಿ ಹೇಳಬೇಕು ಅಂತಲ್ಲ. ಅಲ್ಲಿನ ಹೆಂಗಸರು ಈಗಾಗಲೇ ಹೇಳುತ್ತಿದ್ದಾರೆ. ಅವರ ಹಿಂದೆ ನಿಲ್ಲೋದು ನಮ್ಮ ಕೆಲಸ.

ಹತ್ತಿರದ ಕೆಲಸವೂ ಇದೆ. ಹಾಡಿಯ ಮಕ್ಕಳು ಆಶ್ರಮ ಶಾಲೆಗಳಲ್ಲಿ ಓದುತ್ತಾರೆ, ನಮ್ಮ ಪಕ್ಕದ ಹಾಸ್ಟೆಲುಗಳಲ್ಲೇ ಇರುತ್ತಾರೆ. 2013ರಲ್ಲಿ ಛತ್ತೀಸ್‌ಗಢದ ಕಾಂಕೇರ್ ಜಿಲ್ಲೆಯ ಒಂದು ಆಶ್ರಮ ಶಾಲೆಯಲ್ಲಿ ಪುಟ್ಟ ಹುಡುಗಿಯರ ಮೇಲೆ ಅಲ್ಲಿನ ಮೇಷ್ಟ್ರು, ಕಾವಲುಗಾರ ಅತ್ಯಾಚಾರ ಮಾಡುತ್ತಿದ್ದದ್ದು ಬಯಲಾಯಿತು. ಅಪ್ಪ ಅಮ್ಮ ದೂರದ ಕಾಡಿನಲ್ಲಿರುವ ಮಗು ಯಾರಿಗೆ ಹೇಳಬೇಕು? ದೂರು ಯಾವ ಠಾಣೆಯಲ್ಲಿ ಬೇಕಾದರೂ ಕೊಡಬಹುದು, ನಮ್ಮ ಸರಹದ್ದಲ್ಲ ಅಂತ ಪೊಲೀಸರು ಓಡಿಸುವ ಹಾಗಿಲ್ಲ. ಅತ್ಯಾಚಾರದ ದೂರು ಬರೆದುಕೊಳ್ಳದ ಪೊಲೀಸ್ ಅಧಿಕಾರಿಗೆ ಆರು ತಿಂಗಳಿಂದ ಎರಡು ವರ್ಷ ಜೈಲು, ಈಗಿನ ನ್ಯಾಯ ಸಂಹಿತೆಯ 199ನೇ ಸೆಕ್ಷನ್. ಇದನ್ನು ಬಾಯಿಪಾಠ ಮಾಡಿಕೊಳ್ಳಿ. ಠಾಣೆಗೆ ಹೋಗುವಾಗ ಇಬ್ಬರು ಗೆಳತಿಯರನ್ನು, ಒಬ್ಬ ಕಾನೂನು ವಿದ್ಯಾರ್ಥಿಯನ್ನು ಜೊತೆಗೆ ಕಳಿಸಿ. ಹುಡುಗಿಯನ್ನು ಒಳಗೆ ಬಿಟ್ಟು ಯಾರೂ ಹೊರಗೆ ನಿಲ್ಲಬೇಡಿ.

ಈ ವಿಷಯದ ಮೇಲೆ ಮುಂದಿನ ಚರ್ಚೆ ಏರ್ಪಡಿಸುವವರಲ್ಲಿ ಒಂದು ಮನವಿ. ಹುಡುಗಿಯರ ಹಾಸ್ಟೆಲಿನ ಗೇಟು ಸಂಜೆ ಆರಕ್ಕೇ ಹಾಕುತ್ತಾರೆ. ಸಭೆಯನ್ನು ಭಾನುವಾರ ಬೆಳಿಗ್ಗೆ ಇಡಿ.